ಚಿಲಮತ್ತೂರಿಗೆ ಏಳು ಮಾತ್ರೆ

ಬಾಗೇಪಲ್ಲಿ ಬಸ್ ನಿಲ್ದಾಣದಲ್ಲಿ ಹಿಂದೂಪುರದ ಬಸ್ಸು ಹೊರಡುವ ಮುಂಚೆ ಕಂಡಕ್ಟರು ಬಾಗಿಲ ಮೆಟ್ಟಿಲ ಮೇಲೆ ನಿಂತು ಕೂಗುತ್ತಾರೆ: "ಕೊಡಿಕೊಂಡ, ಚಿಲ್ಮತ್ತೂರ್, ಲೇಪಾಕ್ಷಿ, ಹಿಂದೂಪ್ರ!" ಬುದ್ಧಿ ಬಂದಾಗಿನಿಂದ ಈ ಕೂಗು ನನ್ನ ಕಿವಿಯಲ್ಲಿದೆ. ಬೋರ್ಡಿನ ಮೇಲೆ ಬರೆದ ಹೆಸರಿಗೂ ಬಾಯಲ್ಲಿ ಬರುವ ಹೆಸರಿಗೂ ಅಂತರವಿದೆ ಎಂದು ನನಗೆ ಮೊದಲು ಗೊತ್ತಾದದ್ದು ಅಲ್ಲಿ. ಬೋರ್ಡಿನಲ್ಲಿ ಚಿಲಮತ್ತೂರು. ಕೂಗಿನಲ್ಲಿ ಚಿಲ್ಮತ್ತೂರ್. ಒಂದು 'ಲ' ಮೆಲ್ಲಗೆ ಹಿಂದಿನ ಅಕ್ಷರಕ್ಕೆ ಒರಗಿಕೊಂಡಿದೆ, ಕೊನೆಯ ಉಕಾರ ಗಾಳಿಯಲ್ಲಿ ಕರಗಿದೆ. ಆದರೂ ಆ ಕೂಗು ಕೇಳಿದ ಯಾರೂ ಬೇರೆ ಬಸ್ಸು ಹತ್ತಿದ್ದಿಲ್ಲ.

ಎರಡು ವರ್ಷದ ಹಿಂದೆ ಅಕ್ಕನ ಮಗಳು ಓದಲೆಂದು ಅಮೆರಿಕದ ಮೆಸಾಚುಸೆಟ್ಸ್ ರಾಜ್ಯಕ್ಕೆ ಹೊರಟಳು. ಅವಳು ಹೋಗುವ ಊರಿನ ವಿಳಾಸವನ್ನು ಅಮ್ಮನಿಗೆಂದು ನಾನು ಕನ್ನಡದಲ್ಲಿ ಬರೆದು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೆ. ಇಂಗ್ಲಿಷಿನಲ್ಲಿ ಒಂಬತ್ತು ಲೆಟರುಗಳ ಹೆಸರು. ಕಂಡಂತೆ ಓದಿ 'ವರ್ಸೆಸ್ಟರ್' ಎಂದು ಬರೆದಿದ್ದೆ. ಅವಳು ಅಲ್ಲಿಗೆ ಹೋಗಿ ಇಳಿದ ವಾರ ಫೋನಿನಲ್ಲಿ ಅಮ್ಮ, "ವರ್ಸೆಸ್ಟರಾಗೆ ಊಟಕ್ಕೆ ಏನು ಮಾಡ್ಕೊಂಡೆ?" ಎಂದು ಕೇಳಿದರು. ಆ ಕಡೆಯಿಂದ ಅವಳು, "ಅಜ್ಜಿ, ಅದು ವುಸ್ಟರ್. ಅಷ್ಟೇ. ಎರಡೇ ಅಕ್ಷರ" ಎಂದಳು. ಅಮ್ಮ ನನ್ನ ಮುಖ ನೋಡಿದರು. "ಅಷ್ಟುದ್ದ ಬರ್ದು ಇಷ್ಟೇನಾ ಅನ್ನೋದು?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ಊರಿನ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ ಎಂದು ಹೇಳುವವರು ಯಾರು? ಬರೆದವರೋ, ಕರೆಯುವವರೋ?

ಶಾಲೆಯಲ್ಲಿ ಛಂದಸ್ಸಿನ ಪಾಠ ನಮಗೆಲ್ಲ ಆಗಿದೆ. ಪದ್ಯದ ಸಾಲಿನ ಮೇಲೆ ಗುರುವಿಗೆ ಅಡ್ಡಗೆರೆ, ಲಘುವಿಗೆ ಬಟ್ಟಲಿನಂಥ ಗೆರೆ ಎಳೆದು ಪ್ರಸ್ತಾರ ಹಾಕಿದ್ದೇವೆ. ಗಡಿಯ ಈಚೆ ತೆಲುಗಿನಲ್ಲಿ ಓದಿದವರಿಗೂ ಅದೇ ಗುರು, ಅದೇ ಲಘು. ಪರೀಕ್ಷೆ ಮುಗಿದ ಮೇಲೆ ಅದನ್ನು ಕೈಬಿಟ್ಟವರೇ ಹೆಚ್ಚು. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮ 'ಛಂದೋಂಬುಧಿ' ಬರೆದಾಗ ಅವನ ಮನಸ್ಸಿನಲ್ಲಿದ್ದದ್ದು ಪದ್ಯ, ನಿಜ. ಆದರೆ ಅವನು ಹೇಳಿಕೊಟ್ಟ ಅಳತೆ ಕನ್ನಡದ ಯಾವ ಮಾತಿಗೂ ಹೊಂದುತ್ತದೆ. ಪರದೇಶದ ಊರಿನ ಹೆಸರನ್ನು ತಿದ್ದಿ ಹೇಳುವುದಕ್ಕೂ ಅದಕ್ಕಿಂತ ಒಳ್ಳೆಯ ಸಾಧನ ನಮ್ಮ ಕೈಯಲ್ಲಿಲ್ಲ ಎಂಬುದು ನನ್ನ ನಂಬಿಕೆ.

ಲೆಕ್ಕ ಸುಲಭ. ಒಂದು ಸ್ವರಕ್ಕೆ ಒಂದು ಉಚ್ಚಾರಾಂಶ. ವ್ಯಂಜನ ಎಷ್ಟೇ ಒತ್ತಾಗಿ ಬಂದರೂ ಎಣಿಕೆಗೆ ಬರುವುದು ಸ್ವರ ಮಾತ್ರ. ಚಿ-ಲ-ಮ-ತ್ತೂ-ರು: ಐದು. ಇದು ಮೊದಲ ಎಣಿಕೆ. ಎರಡನೆಯದು ತೂಕದ ಎಣಿಕೆ, ಅಂದರೆ ಮಾತ್ರೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಮುಂದೆ ಒತ್ತಕ್ಷರವಿದ್ದರೆ, ಅನುಸ್ವಾರವಿದ್ದರೆ, ವ್ಯಂಜನದಲ್ಲಿ ನಿಂತರೆ ಹ್ರಸ್ವವೂ ಗುರುವಾಗಿ ಎರಡು ಮಾತ್ರೆ ತೂಗುತ್ತದೆ. ಚಿ ಒಂದು, ಲ ಒಂದು. ಮುಂದೆ 'ತ್ತ' ಇರುವುದರಿಂದ ಮ ಎರಡು. ತ್ತೂ ಎರಡು, ರು ಒಂದು. ಒಟ್ಟು ಏಳು. ನಮ್ಮೂರ ಹೆಸರಿಗೆ ಅಕ್ಷರ ಐದು, ಮಾತ್ರೆ ಏಳು.

ಈಗ ಕಂಡಕ್ಟರ ಕೂಗಿಗೆ ಬನ್ನಿ. ಚಾಲಕನ ಅವಸರಕ್ಕೆ ಕೂಗಿನಲ್ಲಿ ಕರಗುವ ಕೊನೆಯ ಉಕಾರವನ್ನು ಪಕ್ಕಕ್ಕಿಡೋಣ. ಮನೆಯಲ್ಲಿ ಮಾತಾಡುವಾಗ ನಾವೆಲ್ಲ 'ಚಿಲ್ಮತ್ತೂರು' ಅಂದೇ ಅನ್ನುವುದು. ಅಕ್ಷರ ಐದರಿಂದ ನಾಲ್ಕಕ್ಕೆ ಇಳಿಯಿತು. ಮಾತ್ರೆ? ಲಕಾರದ ಸ್ವರ ಬಿದ್ದ ಕೂಡಲೇ ಅದರ ಹಿಂದಿನ 'ಚಿ' ಗುರುವಾಯಿತು: ಎರಡು. ಲ್ಮ ಎರಡು, ತ್ತೂ ಎರಡು, ರು ಒಂದು. ಮತ್ತೆ ಏಳು!

ಇದನ್ನು ಕಂಡುಕೊಂಡ ದಿನ ನಾನು ಸುತ್ತಮುತ್ತಲ ಊರುಗಳನ್ನೆಲ್ಲ ಕಾಗದದ ಮೇಲೆ ತೂಗಿದೆ. ಗೌರಿಬಿದನೂರು ಆರು ಅಕ್ಷರ, ಎಂಟು ಮಾತ್ರೆ. ಬಾಯಿಮಾತಿನ ಗೌರಿಬಿದ್ನೂರು ಐದು ಅಕ್ಷರ, ಆದರೂ ಎಂಟೇ ಮಾತ್ರೆ. ತುಮಕೂರು ನಾಲ್ಕಕ್ಷರ, ಐದು ಮಾತ್ರೆ. ತುಮ್ಕೂರು ಮೂರಕ್ಷರ, ಐದೇ ಮಾತ್ರೆ. ಯಾವ ವ್ಯಾಕರಣವನ್ನೂ ಓದದ ನಾಲಿಗೆ ಒಂದು ಸ್ವರವನ್ನು ನುಂಗಿದರೂ ಅದರ ತೂಕವನ್ನು ಪಕ್ಕದ ಅಕ್ಷರಕ್ಕೆ ಹೊರಿಸುತ್ತದೆ. ಎಲ್ಲ ಕಡೆಯೂ ಹೀಗಾಗುವುದಿಲ್ಲ. ಬೆಂಗಳೂರು ಆರು ಮಾತ್ರೆ, ಬೆಂಗ್ಳೂರು ಐದು. ಅಲ್ಲಿ 'ಬೆಂ' ಮೊದಲೇ ಗುರು, ಇನ್ನೊಂದು ಮಾತ್ರೆಯನ್ನು ಹೊರಲು ಅದಕ್ಕೆ ಜಾಗವಿಲ್ಲ. ಚಿಕ್ಕಬಳ್ಳಾಪುರ ಚಿಕ್ಬಳ್ಳಾಪುರ ಆದಾಗಲೂ ಒಂದು ಮಾತ್ರೆ ಸೋರುತ್ತದೆ. ಕಂಡಕ್ಟರ 'ಹಿಂದೂಪ್ರ'ದಲ್ಲೂ ಅದೇ ಕಥೆ. ಆದರೆ ಉಳಿಸಿಕೊಳ್ಳಲು ಸಾಧ್ಯವಿದ್ದ ಕಡೆ ಕನ್ನಡದ ಬಾಯಿ ತೂಕವನ್ನು ಬಿಟ್ಟುಕೊಟ್ಟಿಲ್ಲ.

ನಮ್ಮ ಗಡಿಯಲ್ಲಿ ಒಂದೇ ಊರನ್ನು ನಾಲ್ಕು ಬಗೆಯಲ್ಲಿ ಕರೆಯುವವರ ನಡುವೆ ಬದುಕುತ್ತೇವೆ. ಕನ್ನಡದಲ್ಲಿ ಹಿಂದೂಪುರ. ತೆಲುಗಿನಲ್ಲಿ ಹಿಂದೂಪುರಂ. ಇಂಗ್ಲಿಷಿನಲ್ಲಿ ಹಿಂದುಪುರ್. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ನಾಗರಿ ಲಿಪಿಯಲ್ಲಿ ಪುರ ಎಂಬ ಎರಡಕ್ಷರ ಬರೆದರೂ ಹಿಂದಿಯವರು ಓದುವುದು ಪುರ್. ಹಿಂದಿಯಲ್ಲಿ ಪದದ ಕೊನೆಯ ಅಕಾರ ಬರೆಹದಲ್ಲಿ ಇರುತ್ತದೆ, ಬಾಯಲ್ಲಿ ಇರುವುದಿಲ್ಲ. ಕರ್ನಾಟಕ ಅವರ ಬಾಯಲ್ಲಿ ಕರ್ನಾಟಕ್ ಆಗುವುದು, ರಾಮಾಯಣ ರಾಮಾಯಣ್ ಆಗುವುದು ಅದಕ್ಕೇ. ಉದಾಸೀನದಿಂದ ಹಾಗೆ ಹೇಳುತ್ತಾರೆಂದು ನಮ್ಮವರು ಕೋಪಿಸಿಕೊಳ್ಳುವುದನ್ನು ಕಂಡಿದ್ದೇನೆ. ಅದು ಅವರ ಭಾಷೆಯ ಕಟ್ಟು. ಲಿಪಿ ಒಂದೇ ತರಹದ್ದಾದರೂ ಎಣಿಕೆ ಬೇರೆ.

ತೆಲುಗಿನದು ಇನ್ನೊಂದು ಬಗೆ. ಅಲ್ಲಿ ಸಂಸ್ಕೃತದಿಂದ ಬಂದ ಪುರ, ದುರ್ಗಗಳ ಕೊನೆಗೆ ಸೊನ್ನೆ ಸೇರುತ್ತದೆ. ಅಕ್ಷರ ಹೆಚ್ಚುವುದಿಲ್ಲ, ಮಾತ್ರೆ ಹೆಚ್ಚುತ್ತದೆ. ಹಿಂದೂಪುರ ನಾಲ್ಕಕ್ಷರ, ಆರು ಮಾತ್ರೆ. ಹಿಂದೂಪುರಂ ನಾಲ್ಕಕ್ಷರ, ಏಳು ಮಾತ್ರೆ. ಕಲ್ಯಾಣದುರ್ಗ ಐದಕ್ಷರ, ಎಂಟು ಮಾತ್ರೆ, ಕಲ್ಯಾಣದುರ್ಗಂ ಒಂಬತ್ತು. ದೂರದ ಕಾಸರಗೋಡಿನ ಕಡೆ ಮಲಯಾಳದ ಬಾಯಲ್ಲಿ ಮಂಜೇಶ್ವರ ಮಂಜೇಶ್ವರಂ ಆಗುವಾಗಲೂ ಇದೇ ನಡೆಯುತ್ತದೆ. ಕನ್ನಡದವರು ಕಲ್ಯಾಣದುರ್ಗ ಎಂದರೂ ತೆಲುಗಿನವರು ಕಲ್ಯಾಣದುರ್ಗಂ ಎಂದರೂ ಆ ಊರಿನ ಐದು ಸ್ವರಗಳೂ ತುಂಬಾಗಿ ಬಾಯಿಗೆ ಬರುತ್ತವೆ. ಇಂಗ್ಲಿಷ್ ಬರೆಹದಲ್ಲಿ ಅದೇ ಊರು ಕಲ್ಯಾಣ್‌ದುರ್ಗ್. ಐದರಲ್ಲಿ ಉಳಿದದ್ದು ಮೂರು. ನಡುವಿನ 'ಣ' ಮತ್ತು ಕೊನೆಯ 'ರ್ಗ' ಸ್ವರ ಕಳೆದುಕೊಂಡು ನಿಂತಿವೆ. ನಮ್ಮ ಮಕ್ಕಳೇ ಈಗ ಮೊಬೈಲಿನಲ್ಲಿ ಇಂಗ್ಲಿಷ್ ನೋಡಿ ಹಾಗೆ ಓದುತ್ತಾರೆ. ನನಗೆ ಸಂಕಟವಾಗುವುದು ಇಲ್ಲಿ.

ನಮ್ಮೂರಿನ ಹೆಸರಿಗಂತೂ ಕನ್ನಡ ತೆಲುಗುಗಳ ನಡುವೆ ಜಗಳವೇ ಇಲ್ಲ. ಊರು ಎಂಬುದು ಎರಡಕ್ಕೂ ಸ್ವಂತ ಮಾತು. ಬರೆಯುವುದೂ ಒಂದೇ, ಅನ್ನುವುದೂ ಒಂದೇ. ಕಷ್ಟ ಶುರುವಾಗುವುದು ಇಂಗ್ಲಿಷ್ ಲೆಟರುಗಳಿಂದ. ದಂತ್ಯ ತಕಾರವನ್ನು ತೋರಿಸಲು ದಕ್ಷಿಣದವರು ಟಿ ಮುಂದೆ ಎಚ್ ಹಾಕುವ ರೂಢಿ. ಉತ್ತರದವರು ಅದನ್ನು ಮಹಾಪ್ರಾಣ ಎಂದು ಓದುತ್ತಾರೆ. ಹೀಗಾಗಿ ಹೆದ್ದಾರಿ 44ರಲ್ಲಿ ಕೊಡಿಕೊಂಡ ಚೆಕ್‌ಪೋಸ್ಟ್ ದಾಟುವಾಗ ಫೋನಿನಲ್ಲಿ ದಾರಿ ಹೇಳುವ ದನಿಗೆ ನಮ್ಮೂರು 'ಚಿಲಮಥುರ್'. ಒಂದು ದ್ವಿತ್ವ ಹೋಯಿತು, ಒಂದು ದೀರ್ಘ ಹೋಯಿತು, ಕೊನೆಯ ಸ್ವರ ಹೋಯಿತು. ಕೇಳಿದರೆ ಮಥುರೆಯ ತಂಗಿಯಂತಿದೆ, ನಮ್ಮೂರಂತಿಲ್ಲ.

ಈ ದ್ವಿತ್ವದ ವಿಷಯ ಸ್ವಲ್ಪ ನಿಂತು ನೋಡಬೇಕಾದದ್ದು. ಪುಟ್ಟಪರ್ತಿ ನಮ್ಮದೇ ಜಿಲ್ಲೆಯ ಕೇಂದ್ರ. ಸತ್ಯಸಾಯಿ ಬಾಬಾ ಅವರ ಆಶ್ರಮಕ್ಕೆ ದಶಕಗಳಿಂದ ಲೋಕದ ಎಲ್ಲ ಮೂಲೆಯವರೂ ಬಂದು ಹೋಗುತ್ತಾರೆ. ಇಂಗ್ಲಿಷ್ ಮಾತೃಭಾಷೆಯವರ ಬಾಯಲ್ಲಿ ಅದು 'ಪುಟಪರ್ತಿ' ಆಗುವುದೇ ಹೆಚ್ಚು. ಅವರ ಭಾಷೆಯಲ್ಲಿ ಒಂದೇ ಪದದ ಒಳಗೆ ವ್ಯಂಜನವನ್ನು ಹಿಡಿದು ನಿಲ್ಲಿಸುವ ಅಭ್ಯಾಸವಿಲ್ಲ. ಬರೆಹದಲ್ಲಿ ಎರಡು ಟಿ ಇದ್ದರೂ ಬಾಯಲ್ಲಿ ಒಂದೇ. ಇಟಲಿಯವರಿಗೆ ಮಾತ್ರ ಇದು ಮನೆಯ ಮಾತು. ಇಟಾಲಿಯನ್ನಿನಲ್ಲಿ 'ನೊನೊ' ಎಂದರೆ ಒಂಬತ್ತನೆಯದು, 'ನೊನ್ನೊ' ಎಂದರೆ ತಾತ. ನಮಗೆ ಹಳಿಗೂ ಹಳ್ಳಿಗೂ ಇರುವ ವ್ಯತ್ಯಾಸ ಅವರಿಗೆ ವಿವರಿಸಬೇಕಿಲ್ಲ. ಹಳಿ ಎರಡು ಮಾತ್ರೆ, ಹಳ್ಳಿ ಮೂರು. ಆ ಒಂದು ಮಾತ್ರೆಯಲ್ಲಿ ರೈಲು ಓಡುವ ಕಬ್ಬಿಣಕ್ಕೂ ಜನ ಬಾಳುವ ಊರಿಗೂ ಇರುವಷ್ಟು ದೂರವಿದೆ.

ಹಳ್ಳಿ ಎಂದಾಗ ಪಲ್ಲಿ ನೆನಪಾಗುತ್ತದೆ. ಹಳೆಗನ್ನಡದ ಪಳ್ಳಿ, ಪಾಲು, ಪೂವುಗಳು ಕಾಲಕ್ರಮದಲ್ಲಿ ಹಳ್ಳಿ, ಹಾಲು, ಹೂವು ಆದವು. ತೆಲುಗು ತನ್ನ ಪಕಾರವನ್ನು ಉಳಿಸಿಕೊಂಡಿತು. ಕರ್ನಾಟಕದ ಒಳಗಿದ್ದೂ ಬಾಗೇಪಲ್ಲಿ ಪಲ್ಲಿಯಾಗಿಯೇ ಇರುವುದು ಗಡಿಯ ನೆರಳು. ಮಡಕಶಿರಾ ಕಡೆಯ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿ. ಕನ್ನಡ ಶಾಸನಗಳಲ್ಲಿ ಅದರ ಹೆಸರು ಪೆಂಜೆರು, ಆಮೇಲೆ ಹೆಂಜೆರು. ಪಕಾರ ಹಕಾರವಾಯಿತು, ನಾಲ್ಕು ಮಾತ್ರೆ ನಾಲ್ಕಾಗಿಯೇ ಉಳಿಯಿತು. ಪಳ್ಳಿ ಹಳ್ಳಿಯಾದಾಗಲೂ ಅಷ್ಟೇ. ಮುಂದೆ ಯಾವಾಗಲೋ ಆ ಹೆಂಜೆರು ಹೇಮಾವತಿ ಎಂಬ ಸಂಸ್ಕೃತದ ಸೀರೆ ಉಟ್ಟುಕೊಂಡಿತು. ಆಗ ಅದರ ತೂಕವೇ ಬದಲಾಯಿತು. ಹಳೆಯ ಹೆಸರು ಊರಿನವರ ಕಿವಿಗೇ ಅಪರಿಚಿತವಾಯಿತು.

ಲೇಪಾಕ್ಷಿಯ ಕಥೆ ಕೇಳದವರಿಲ್ಲ. ರೆಕ್ಕೆ ಮುರಿದು ಬಿದ್ದಿದ್ದ ಜಟಾಯುವನ್ನು ರಾಮ ತೆಲುಗಿನಲ್ಲಿ 'ಲೇ, ಪಕ್ಷಿ' ಎಂದು ಎಬ್ಬಿಸಿದನಂತೆ. ಎಲ್ಲರೂ ಹೇಳುತ್ತಾರೆ, ನಾನೂ ಊರಿಗೆ ಬಂದ ನೆಂಟರಿಗೆ ಹೇಳಿದ್ದೇನೆ. ಆದರೆ ಕಥೆಗೆ ಬೇಕಾದದ್ದು ಹ್ರಸ್ವದ ಪಕ್ಷಿ, ಊರ ಹೆಸರಿನಲ್ಲಿರುವುದು ದೀರ್ಘದ ಪಾಕ್ಷಿ. ಆ ವ್ಯತ್ಯಾಸ ಇಷ್ಟು ಕಾಲ ಯಾರ ಕಿವಿಗೂ ಚುಚ್ಚಲಿಲ್ಲ ಏಕೆ? ತೂಗಿ ನೋಡಿದರೆ ಉತ್ತರ ಸಿಗುತ್ತದೆ. 'ಪ' ಮುಂದೆ ಒತ್ತಕ್ಷರ ಇರುವುದರಿಂದ ಅದು ಹೇಗೂ ಗುರು. ಲೇ-ಪಕ್ಷಿ ಐದು ಮಾತ್ರೆ, ಲೇಪಾಕ್ಷಿಯೂ ಐದು ಮಾತ್ರೆ. ತಕ್ಕಡಿ ಸಮವಾಗಿದ್ದುದರಿಂದ ಕಥೆ ಹೆಸರಿನೊಳಗೆ ಸಲೀಸಾಗಿ ಹೊಕ್ಕಿತು.

ಇನ್ನು ದೂರಕ್ಕೆ ಹೋಗೋಣ. ವುಸ್ಟರ್ ಎಂಬ ಹೆಸರು ಮೂಲತಃ ಇಂಗ್ಲೆಂಡಿನದು. ವಲಸೆ ಹೋದವರು ಅಮೆರಿಕಕ್ಕೆ ಕೊಂಡೊಯ್ದರು. ಅದರ ಕೊನೆಯ ಭಾಗ ರೋಮನ್ನರ ಸೈನ್ಯದ ಬಿಡಾರಕ್ಕಿದ್ದ ಲ್ಯಾಟಿನ್ ಮಾತಿನಿಂದ ಬಂದದ್ದು. ಮ್ಯಾಂಚೆಸ್ಟರಿನ ಚೆಸ್ಟರ್ ಕೂಡ ಅದೇ. ಮ್ಯಾಂಚೆಸ್ಟರಿನಲ್ಲಿ ಅದು ಇಡಿಯಾಗಿ ಉಳಿಯಿತು. ವುಸ್ಟರ್, ಲೆಸ್ಟರ್, ಗ್ಲಾಸ್ಟರುಗಳಲ್ಲಿ ನಡುವಿನ ಸ್ವರ ಸವೆದು ಹೋಯಿತು. ಬರೆಹ ಮಾತ್ರ ಹಳೆಯ ಕಾಲದಲ್ಲೇ ನಿಂತಿತು. ನೋಡಿದರೆ ಮೂರಕ್ಷರ, ಕೇಳಿದರೆ ಎರಡು. ಹಾಗಂತ ಅದನ್ನೇ ನಿಯಮ ಮಾಡಿಕೊಳ್ಳುವಂತಿಲ್ಲ. ಅದೇ ಕೊನೆಯುಳ್ಳ ಸೈರನ್‌ಸೆಸ್ಟರ್ ಎಂಬ ಊರನ್ನು ಇವತ್ತು ನಾಲ್ಕಕ್ಷರ ಬಿಡಿಸಿಯೇ ಹೇಳುತ್ತಾರೆ. ನಾವು ಭೂಗೋಳದಲ್ಲಿ ಗ್ರೀನ್‌ವಿಚ್ ಎಂದು ಬಾಯಿಪಾಠ ಮಾಡಿದ, 1884ರಲ್ಲಿ ಸೊನ್ನೆ ಡಿಗ್ರಿ ರೇಖಾಂಶದ ಮನೆಯೆಂದು ಒಪ್ಪಿಕೊಂಡ ಊರು, ಅಲ್ಲಿನವರಿಗೆ ಗ್ರೆನಿಚ್. ಆಸ್ಟ್ರೇಲಿಯದ ಕನ್ನಡ ಮನೆಗಳಲ್ಲಿ ಹುಟ್ಟಿದ ಮಕ್ಕಳು ಮೆಲ್ಬನ್, ಬ್ರಿಸ್ಬನ್ ಎನ್ನುತ್ತಾರೆ. ಊರಿಂದ ಹೋದ ಅಜ್ಜ ಅಜ್ಜಿಯರು ಮೆಲ್ಬೋರ್ನ್, ಬ್ರಿಸ್ಬೇನ್ ಎನ್ನುತ್ತಾರೆ. ಅಕ್ಷರ ಎರಡೂ ಕಡೆ ಎರಡೇ. ವ್ಯತ್ಯಾಸ ಒತ್ತಿನದು.

ಇಂಗ್ಲಿಷ್ ಭಾಷೆ ಒಂದು ಅಕ್ಷರವನ್ನು ಎತ್ತಿ ಹಿಡಿದು ಉಳಿದವನ್ನು ನೆಲಕ್ಕೆ ಬಿಡುತ್ತದೆ. ಎತ್ತಿದ ಅಕ್ಷರದ ಸ್ವರ ಸ್ಪಷ್ಟ, ಬಿಟ್ಟವುಗಳ ಸ್ವರ ಮಸುಕು. ಕನ್ನಡದಲ್ಲಿ ಹಾಗಿಲ್ಲ, ಪ್ರತಿಯೊಂದು ಅಕ್ಷರಕ್ಕೂ ಅದರ ಪಾಲಿನ ಕಾಲ ಕೊಡಲೇಬೇಕು. ಆದ್ದರಿಂದ ನಾವು ಇಂಗ್ಲಿಷ್ ಹೆಸರನ್ನು ಹೇಳುವಾಗ ಮಸುಕು ಸ್ವರಗಳಿಗೆಲ್ಲ ದೀಪ ಹಚ್ಚಿಬಿಡುತ್ತೇವೆ, ಅವರು ನಮ್ಮ ಹೆಸರು ಹೇಳುವಾಗ ಉರಿಯುವ ಸ್ವರಗಳನ್ನು ಆರಿಸುತ್ತಾರೆ. ತಿ-ರು-ವ-ನಂ-ತ-ಪು-ರಂ ಎಂಬ ಏಳಕ್ಷರದ ಊರು ಬ್ರಿಟಿಷರ ಬಾಯಲ್ಲಿ ಟ್ರಿ-ವಾಂ-ಡ್ರಂ ಎಂದು ಮೂರಕ್ಷರವಾದದ್ದು ಹೀಗೆ. 1991ರಲ್ಲಿ ಕೇರಳ ಏಳನ್ನೂ ಮರಳಿ ಪಡೆಯಿತು.

ಕರ್ನಾಟಕ 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರನ್ನು ತಿದ್ದಿತು. ಅದನ್ನು ಬರೀ ಅಭಿಮಾನದ ಮಾತು ಎಂದು ಬದಿಗೊತ್ತಿದವರಿದ್ದಾರೆ. ನಾನು ಅಕ್ಷರ ಎಣಿಸಿದೆ. ಹಾಸ್ಪೆಟ್ ಎರಡಿತ್ತು, ಹೊಸಪೇಟೆ ನಾಲ್ಕಾಯಿತು. ಟುಮ್ಕುರ್ ಎರಡಿತ್ತು, ತುಮಕೂರು ನಾಲ್ಕಾಯಿತು. ಮೈಸೋರ್ ಎರಡು, ಮೈಸೂರು ಮೂರು. ಬ್ಯಾಂಗಲೋರ್ ಮೂರು, ಬೆಂಗಳೂರು ನಾಲ್ಕು. ಬಹುಪಾಲು ಕಡೆ ಮರಳಿ ಬಂದದ್ದು ಒಂದೋ ಎರಡೋ ಸ್ವರ, ಅದರಲ್ಲೂ ಕೊನೆಯ ಸ್ವರ. ಕನ್ನಡದ ಮಾತು ಸ್ವರದಲ್ಲಿ ನಿಲ್ಲಲು ಬಯಸುತ್ತದೆ. ಬಸ್ಸು, ಕಾರು, ಲಂಡನ್ನು ಎಂದು ಹೊರಗಿನ ಮಾತಿಗೂ ಒಂದು ಉಕಾರದ ಕಾಲು ಕೊಟ್ಟು ನಿಲ್ಲಿಸುವ ಜನ ನಾವು. ನಮ್ಮ ಸ್ವಂತ ಊರುಗಳೇ ಶತಮಾನಕ್ಕೂ ಹೆಚ್ಚು ಕಾಲ ಸರ್ಕಾರಿ ಕಾಗದದಲ್ಲಿ ಕಾಲಿಲ್ಲದೆ ಇದ್ದವು. ಹೊಸ ಕಾಗುಣಿತದಿಂದ ಎಲ್ಲ ಸರಿಹೋಗಲಿಲ್ಲ ಎಂಬುದೂ ನಿಜ. ಇಂಗ್ಲಿಷಿನ ಒಂದೇ ಯು ಹ್ರಸ್ವವೂ ಆಗಬಹುದು, ದೀರ್ಘವೂ ಆಗಬಹುದು. ಹೊರಗಿನವರು 'ಬೆಂಗಲುರು' ಎನ್ನುತ್ತಾರೆ. ನಾಲ್ಕಕ್ಷರ ಬಂತು, ಆದರೆ 'ಳೂ' ತೂಕ ಬರಲಿಲ್ಲ.

ಈಗ ನಾವೇ ಮಾಡುವ ತಪ್ಪುಗಳಿಗೆ ಬರುತ್ತೇನೆ. ನಮ್ಮ ಹೆಸರನ್ನು ಸರಿಯಾಗಿ ಹೇಳಿ ಎಂದು ಕೇಳುವ ಹಕ್ಕು ನಮಗಿದ್ದರೆ ಅವರ ಹೆಸರಿನ ಋಣವೂ ನಮ್ಮ ಮೇಲಿದೆ. ನಮ್ಮ ದೊಡ್ಡ ತೊಡಕು ಏನೆಂದರೆ ಲೋಕದ ಎಲ್ಲ ಊರುಗಳೂ ನಮಗೆ ಇಂಗ್ಲಿಷಿನ ಬಾಗಿಲಿನಿಂದಲೇ ಬರುತ್ತವೆ. ಜಪಾನಿನ ರಾಜಧಾನಿಯನ್ನು ಟೋಕಿಯೋ ಎಂದು ಮೂರಕ್ಷರ ಮಾಡಿ ಬರೆಯುತ್ತೇವೆ. ಇಂಗ್ಲಿಷಿನವರಿಗೆ 'ಕ್ಯೋ' ಕಷ್ಟ, ಒಡೆದು ಹೇಳುತ್ತಾರೆ. ನಮಗೇನು ಕಷ್ಟ? ಕ ವ್ಯಂಜನಕ್ಕೆ ಯ ಒತ್ತು ಕೊಡಲು ಒಂದನೆಯ ತರಗತಿಯಲ್ಲೇ ಕಲಿತಿದ್ದೇವೆ. ಜಪಾನೀಯರ ತಕಾರವೂ ನಮ್ಮ ದಂತ್ಯದ ತಕಾರಕ್ಕೆ ಹತ್ತಿರ. ತೋಕ್ಯೋ: ಎರಡಕ್ಷರ, ನಾಲ್ಕು ಮಾತ್ರೆ. ಇಲ್ಲಿ ಒಂದು ಸೊಗಸಿದೆ. ಜಪಾನೀಯರೂ ಪದವನ್ನು ಮಾತ್ರೆಯಲ್ಲೇ ಎಣಿಸುತ್ತಾರೆ, ಅವರ ಲೆಕ್ಕದಲ್ಲೂ ಅದು ನಾಲ್ಕು. ಕ್ಯೋತೊ ನಮ್ಮಲ್ಲಿ ಮೂರು, ಅವರಲ್ಲೂ ಮೂರು. ನಿಪ್ಪೊನ್ ನಮ್ಮಲ್ಲಿ ನಾಲ್ಕು, ಅವರಲ್ಲೂ ನಾಲ್ಕು. ದ್ವಿತ್ವದ ಮೊದಲ ಅರ್ಧಕ್ಕೆ, ಕೊನೆಯ ನಕಾರಕ್ಕೆ ಅವರೂ ಒಂದೊಂದು ಮಾತ್ರೆ ಕೊಡುತ್ತಾರೆ. ಹೊಕ್ಕೈದೋ ಎರಡೂ ಕಡೆ ಆರು. ಹೈಕುವಿನ ಐದು, ಏಳು, ಐದು ಎಂದರೆ ಈ ಎಣಿಕೆಯೇ. ಚಿಲಮತ್ತೂರು ಎಂಬ ಒಂದು ಹೆಸರು ಹೈಕುವಿನ ನಡುಸಾಲನ್ನು ತುಂಬಿ ಕೂರುತ್ತದೆ. ಇಷ್ಟು ಹತ್ತಿರದ ಅಳತೆ ಇಟ್ಟುಕೊಂಡು ನಾವು ಹಿರೊಶಿಮ ಎಂಬ ನಾಲ್ಕು ಲಘುಗಳ ಹಗುರ ಹೆಸರನ್ನು ಹಿರೋಷಿಮಾ ಎಂದು ಎಳೆದು ಆರು ಮಾತ್ರೆ ಮಾಡಿದ್ದೇವೆ. 1945ರ ನಂತರ ಲೋಕವೆಲ್ಲ ದುಃಖದಿಂದ ನೆನೆಯುವ ಹೆಸರು ಅದು. ಅದನ್ನಾದರೂ ಅದರ ತೂಕದಲ್ಲೇ ಹೇಳಬೇಕು ಅನ್ನಿಸುತ್ತದೆ.

ಶಾಂಘೈ ಇನ್ನೊಂದು. ಚೀನೀ ಭಾಷೆಯಲ್ಲಿ ಅದು ಶಾಂಗ್ ಮತ್ತು ಹೈ, ಎರಡು ಬೇರೆ ಮಾತು. ಜಿ ಎಂಬ ಲೆಟರು ಹಿಂದಿನ ಅಕ್ಷರದ್ದು, ಎಚ್ ಮುಂದಿನದ್ದು. ಪಕ್ಕಪಕ್ಕ ಬಂದದ್ದನ್ನು ನೋಡಿ ನಾವು ಎರಡನ್ನೂ ಬೆಸೆದು ಘಕಾರ ಮಾಡಿದೆವು. ಎಣಿಕೆ ತಪ್ಪಲಿಲ್ಲ, ಕತ್ತರಿಸುವ ಜಾಗ ತಪ್ಪಿತು. ನಮ್ಮೂರನ್ನು ಚಿಲಮತ್ ಊರು ಎಂದು ಒಡೆದಂತೆ.

ಹಾಗಂತ ಕನ್ನಡದ್ದೆಲ್ಲ ತಪ್ಪು ಎಂದು ಭಾವಿಸಬೇಕಿಲ್ಲ. ಇಂಗ್ಲಿಷಿನವರು ಸಿಂಗಪೋರ್ ಎಂದು ಮೂರಕ್ಷರ ಮಾಡಿದ ಊರು ಮಲಯ್ ಭಾಷೆಯಲ್ಲಿ ಸಿಂಗಪುರ, ನಾಲ್ಕಕ್ಷರ. ನಾವೂ ಸಿಂಗಪುರ, ಸಿಂಗಾಪುರ ಎಂದೇ ಹೇಳಿಕೊಂಡು ಬಂದಿದ್ದೇವೆ. ಹಿಂದೂಪುರದ ಪುರವೇ ಕಡಲು ದಾಟಿ ಅಲ್ಲಿ ನಿಂತಿದೆ. ಇಲ್ಲಿ ಕಳೆದುಕೊಂಡ ಹಾಗೆಯೇ ಅಲ್ಲೂ ಇಂಗ್ಲಿಷಿನಲ್ಲಿ ಕೊನೆಯ ಸ್ವರ ಕಳೆದುಕೊಂಡಿದೆ. ಲಂಡನ್, ಪ್ಯಾರಿಸ್, ಚೀನಾ ಮುಂತಾದವು ಕನ್ನಡದ ಮಾತುಗಳೇ ಆಗಿಹೋಗಿವೆ. ಪ್ಯಾರಿಸನ್ನು ಅಲ್ಲಿನವರಂತೆ 'ಪಾರಿ' ಎಂದರೆ ನಮ್ಮ ಮಾರುಕಟ್ಟೆಯಲ್ಲಿ ಯಾರಿಗೂ ತಿಳಿಯದು. ಬಳಸಿ ಸವೆದ ಹೆಸರುಗಳನ್ನು ಹಾಗೇ ಬಿಡಬೇಕು. ಈಗಷ್ಟೇ ಬಾಯಿಗೆ ಬರುತ್ತಿರುವ ಹೆಸರುಗಳನ್ನು, ನಮ್ಮ ಮಕ್ಕಳು ಹೋಗಿ ನೆಲೆಸುವ ಊರುಗಳನ್ನು ಮೊದಲ ಸಲವೇ ಸರಿಯಾಗಿ ಕಲಿಯಬಹುದು. ಕ್ಯಾಲಿಫೋರ್ನಿಯಾದಲ್ಲಿ ನೂರಾರು ಕನ್ನಡ ಮನೆಗಳಿರುವ ಊರು ಸ್ಯಾನ್ ಜೋಸ್ ಅಲ್ಲ, ಸ್ಯಾನ್ ಹೊಸೇ. ಸ್ಪ್ಯಾನಿಷರು ಇಟ್ಟ ಹೆಸರು, ಕೊನೆಯ ಏಕಾರ ಉಂಟು. ಇಲಿನಾಯ್ ರಾಜ್ಯದ ಕೊನೆಯಲ್ಲಿ ಬರೆದ ಸಕಾರವನ್ನು ಅಲ್ಲಿ ಯಾರೂ ಹೇಳುವುದಿಲ್ಲ.

ಇದನ್ನು ಕಲಿಯುವ ದಾರಿ ಹಳೆಯದೇ. ಆ ಊರಿನವರನ್ನು ಕೇಳುವುದು. ಬಿಬಿಸಿ ರೇಡಿಯೋ 1926ರಲ್ಲೇ ಉಚ್ಚಾರಣೆಗೆಂದು ಸಲಹಾ ಸಮಿತಿ ಮಾಡಿಕೊಂಡಿತು. ಅಂಥ ಸಂಸ್ಥೆಗೂ ಊರ ಹೆಸರಿನ ವಿಷಯದಲ್ಲಿ ಸ್ಥಳೀಯರ ಬಾಯಿಗಿಂತ ಗಟ್ಟಿ ಸಾಕ್ಷಿ ಸಿಗುವುದಿಲ್ಲ. ಕೇಳಲು ಯಾರೂ ಇಲ್ಲದಿದ್ದರೆ ಒಳ್ಳೆಯ ನಿಘಂಟು ನೋಡಬಹುದು. ಅದರಲ್ಲಿ ಹೆಸರಿನ ಪಕ್ಕ ಬರುವ ಧ್ವನಿಲಿಪಿಯನ್ನು ಕಂಡು ಹೆದರಬೇಕಾದ್ದಿಲ್ಲ. ನಡುವಿನ ಚುಕ್ಕೆ ಅಕ್ಷರ ಒಡೆಯುವ ಜಾಗ, ಮೇಲಿನ ಪುಟ್ಟ ಗೆರೆ ಎತ್ತಿ ಹೇಳುವ ಅಕ್ಷರದ ಗುರುತು, ಸ್ವರದ ಮುಂದಿನ ಎರಡು ಚುಕ್ಕೆ ದೀರ್ಘ. ನಾವು ಪದ್ಯಕ್ಕೆ ಹಾಕುತ್ತಿದ್ದ ಪ್ರಸ್ತಾರಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಪೆನುಗೊಂಡೆಯ ಬಳಿ ಕೊರಿಯಾದ ಕಿಯಾ ಕಂಪನಿಯ ಕಾರ್ಖಾನೆಯಲ್ಲಿ 2019ರಿಂದ ಕಾರುಗಳು ತಯಾರಾಗುತ್ತಿವೆ. ಹೆದ್ದಾರಿಯ ಬದಿ ಕೊರಿಯನ್ ಲಿಪಿಯ ಬೋರ್ಡುಗಳು ಕಾಣತೊಡಗಿದವು. ಟೀ ಅಂಗಡಿಯೊಂದರಲ್ಲಿ ಒಬ್ಬ ಕೊರಿಯನ್ ಎಂಜಿನಿಯರು ಪಕ್ಕ ಕೂತಿದ್ದರು. ಅವರ ಊರು ಯಾವುದೆಂದು ಕೇಳಿದೆ. ಹೇಳಿದ್ದು ನನಗೆ ಹಿಡಿಯಲಿಲ್ಲ. ಅವರು ಎರಡು ಬೆರಳೆತ್ತಿ ಮತ್ತೆ ಹೇಳಿದರು: ಸೊ, ಉಲ್. ನಾವು ಸಿಯೋಲ್ ಎಂದು ಬರೆಯುವ, ಇಂಗ್ಲಿಷಿನವರು ಸೋಲ್ ಎಂದು ಒಂದೇ ಅಕ್ಷರದಲ್ಲಿ ಮುಗಿಸುವ ರಾಜಧಾನಿ. ಇಂಗ್ಲಿಷ್ ಕಾಗುಣಿತದ ಮೊದಲ ಮೂರು ಲೆಟರು ಸೇರಿ ಒಂದಕ್ಷರ, ಕೊನೆಯೆರಡು ಇನ್ನೊಂದು. ಕಾಗದದ ತುಂಡಿನ ಮೇಲೆ ಅವರು ಅದನ್ನು ತಮ್ಮ ಲಿಪಿಯಲ್ಲಿ ಬರೆದು ತೋರಿಸಿದರು. ಎರಡು ಪುಟ್ಟ ಚೌಕ. ಹದಿನೈದನೆಯ ಶತಮಾನದಲ್ಲಿ ರಾಜ ಸೆಜೋಂಗ್ ಕಾಲದಲ್ಲಿ ಹುಟ್ಟಿದ, 1446ರಲ್ಲಿ ಜನರ ಕೈಗೆ ಬಂದ ಆ ಲಿಪಿ ವ್ಯಂಜನವನ್ನೂ ಸ್ವರವನ್ನೂ ಒಂದೊಂದು ಅಕ್ಷರದ ಮನೆಯಲ್ಲಿ ಕೂಡಿಸಿ ಬರೆಯುತ್ತದೆ, ನಮ್ಮ ಕಾಗುಣಿತದಂತೆಯೇ. ನಾನು ಪೆನುಕೊಂಡ ಎಂದು ತೆಲುಗಿನ ರೀತಿಯಲ್ಲೇ ನಿಧಾನಕ್ಕೆ ಹೇಳಿದೆ. ಅವರು ನಾಲ್ಕು ಚೌಕ ಬರೆದರು. ಪೆ, ನು, ಕೊನ್, ಡ. 'ಕೊಂ' ಪಕ್ಕದ ಸೊನ್ನೆ ಅವರ ಮೂರನೆಯ ಚೌಕದೊಳಗೆ ನಕಾರವಾಗಿ ಕೂತಿತು.

ಆ ಕಾಗದವನ್ನು ಮನೆಗೆ ತಂದು ಕ್ಯಾಲೆಂಡರಿನ ಹಿಂದೆ ಇಡಲು ಹೋದರೆ ನಾನು ಮೊದಲು ಬರೆದಿಟ್ಟ ವಿಳಾಸದ ಚೀಟಿ ಸಿಕ್ಕಿತು. 'ವರ್ಸೆಸ್ಟರ್' ಮೇಲೆ ಅಮ್ಮ ಪೆನ್ನಿನಿಂದ ಗೆರೆ ಎಳೆದು ಕೆಳಗೆ ತಮ್ಮ ಗುಂಡು ಅಕ್ಷರದಲ್ಲಿ 'ವುಸ್ಟರು' ಎಂದು ಬರೆದಿದ್ದರು, ಕೊನೆಗೆ ಒಂದು ಉಕಾರ ಕೊಟ್ಟು. ಆ ರಾತ್ರಿ ಅಕ್ಕನ ಮಗಳ ಫೋನು ಬಂತು. ಅಲ್ಲಿ ಬೆಳಗ್ಗೆಯಿಂದ ಹಿಮ ಬೀಳುತ್ತಿದೆ ಎಂದಳು. ಅಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು, "ವುಸ್ಟರಾಗೆ ಅಷ್ಟು ಚಳಿ ಐತಾ? ಬೆಚ್ಚಗೆ ಹಾಕ್ಕಳವ್ವಾ" ಎಂದರು. ಆ ಕಡೆ ಅವಳು ಪಕ್ಕದಲ್ಲಿದ್ದ ಗೆಳತಿಗೆ ಏನನ್ನೋ ಹೇಳಿಕೊಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆ ಹುಡುಗಿಯ ದನಿ ಕೇಳಿಸಿತು, ಒಂದೊಂದಕ್ಕೂ ಚಪ್ಪಾಳೆ ತಟ್ಟುತ್ತಾ, 'ತ್' ಮೇಲೆ ಒಂದು ಕ್ಷಣ ನಿಂತು: ಚಿ, ಲ, ಮತ್, ತೂ, ರು.